ಶಿವಮೊಗ್ಗ–ಜೋಗ–ಉಡುಪಿ–ಆಗುಂಬೆ ಸುತ್ತಿಗೆ ಯಾವ ಸೈಕಲ್ ಸೂಕ್ತ?

ಮಲೆನಾಡ ಮೇಷ್ಟ್ರು (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು, ವಯಸ್ಸು 47, ಎತ್ತರ ಐದು ಅಡಿ ಆರು ಅಂಗುಲ, ತೂಕ 78 ಕೆ.ಜಿ. ಕಳೆದ ಒಂದೂವರೆ ವರ್ಷದಿಂದ ದಿನವೂ ಬೆಳಿಗ್ಗೆ ಗಾಜನೂರಿನ ಕಡೆಗೆ ಇಪ್ಪತ್ತು–ಮೂವತ್ತು ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ. ಡಿಸೆಂಬರ್ ಕೊನೆಯ ವಾರದಲ್ಲಿ ಐದು ದಿನಗಳ ಒಂದು ಸುತ್ತು ಹೋಗಿಬರಬೇಕೆಂಬ ಆಸೆಯಿದೆ. ಮೊದಲ ದಿನ ಶಿವಮೊಗ್ಗದಿಂದ ಸಾಗರದ ಮೇಲೆ ಜೋಗ, ಎರಡನೆಯ ದಿನ ಗೇರುಸೊಪ್ಪೆಯ ಘಾಟಿ ಇಳಿದು ಹೊನ್ನಾವರ ಮತ್ತು ಮುರುಡೇಶ್ವರ, ಮೂರನೆಯ ದಿನ ಭಟ್ಕಳ, ಬೈಂದೂರು, ಕುಂದಾಪುರ ದಾಟಿ ಉಡುಪಿ, ನಾಲ್ಕನೆಯ ದಿನ ಹೆಬ್ರಿ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವುದು, ಐದನೆಯ ದಿನ ತೀರ್ಥಹಳ್ಳಿಯ ಮೇಲೆ ಮನೆ. ಒಟ್ಟು ಸುಮಾರು 440 ಕಿ.ಮೀ. ಆಗಬಹುದು. ಜೊತೆಗೆ ಎಂಟು–ಒಂಬತ್ತು ಕೆ.ಜಿ. ಸಾಮಾನು ಇರುತ್ತದೆ.

ಈಗ ತುಳಿಯುತ್ತಿರುವುದು ನಮ್ಮ ತಂದೆಯವರ ಕಾಲದ, ಗೇರ್ ಇಲ್ಲದ ಅಟ್ಲಾಸ್ ಸೈಕಲ್. ಊರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಮುಂದೆ ಸ್ಪ್ರಿಂಗ್ ಇರುವ, ದಪ್ಪ ಟೈರಿನ, 21 ಗೇರಿನ ಎಂಟಿಬಿಯನ್ನು (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ತೋರಿಸಿ 16 ಸಾವಿರ ಎಂದರು. ಸಹೋದ್ಯೋಗಿಯೊಬ್ಬರ ಮಗ ಬೆಂಗಳೂರಿನಿಂದ ಫೋನ್ ಮಾಡಿ, ಸಣ್ಣ ಟೈರಿನ, ಹಗುರವಾದ ರೋಡ್ ಬೈಕ್ ಅಲ್ಲದೆ ಬೇರೇನನ್ನೂ ಕೊಳ್ಳಬೇಡಿ ಎಂದು ಎಚ್ಚರಿಸಿದ್ದಾನೆ. ಇನ್ನೊಬ್ಬರು ಇವೆರಡರ ನಡುವಿನ ಹೈಬ್ರಿಡ್ ಎನ್ನುತ್ತಾರೆ. ನನ್ನ ಮಿತಿ 40 ಸಾವಿರ ರೂಪಾಯಿ. ಅನುಭವಸ್ಥರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಬ್ರೆವೆ ಸವಾರ (ಬೆಂಗಳೂರು):

ಸರ್, ನಿಮ್ಮ ಉತ್ಸಾಹಕ್ಕೆ ಅಭಿನಂದನೆಗಳು. ನಾನು ಕೆಲವು ವರ್ಷಗಳಿಂದ ಬ್ರೆವೆಗಳಲ್ಲಿ ಭಾಗವಹಿಸುತ್ತಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಇದು ಸ್ಪರ್ಧೆಯಲ್ಲ, ಗೊತ್ತುಪಡಿಸಿದ ಅವಧಿಯೊಳಗೆ ದೂರವನ್ನು ಮುಗಿಸುವ ಸವಾರಿ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಎಂಬ ಲೆಕ್ಕ. ಅಂಥ ದೂರಗಳಲ್ಲಿ ಸೈಕಲ್ ಹಗುರವಾಗಿದ್ದಷ್ಟೂ, ಟೈರ್ ಸಣ್ಣದಿದ್ದಷ್ಟೂ, ದೇಹ ಮುಂದಕ್ಕೆ ಬಾಗಿ ಗಾಳಿಯನ್ನು ಸೀಳಿದಷ್ಟೂ ಸವಾರ ಉಳಿಯುತ್ತಾನೆ. ಆದ್ದರಿಂದ ಅಲ್ಯೂಮಿನಿಯಂ ಫ್ರೇಮಿನ ಆರಂಭಿಕ ದರ್ಜೆಯ ರೋಡ್ ಬೈಕ್ ತೆಗೆದುಕೊಳ್ಳಿ, ಸಾಮಾನನ್ನು ಅರ್ಧಕ್ಕೆ ಇಳಿಸಿ ಸೀಟಿನ ಹಿಂದಿನ ಚೀಲದಲ್ಲಿ ತುಂಬಿಕೊಳ್ಳಿ ಎಂಬುದು ನನ್ನ ಸಲಹೆ. ಎಂಟಿಬಿಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಹೆದ್ದಾರಿಯಲ್ಲಿ ಅದರ ಉಬ್ಬುಗಳಿರುವ ಟೈರುಗಳು ಗುಂಯ್‌ಗುಡುತ್ತ ನಿಮ್ಮ ಶಕ್ತಿಯನ್ನೆಲ್ಲ ಹೀರಿಬಿಡುತ್ತವೆ.

ಹಳೇ ರೇಸರ್ (ವಿಜಯಪುರ):

ನಮ್ಮ ಕಡೆ, ಅಂದರೆ ವಿಜಯಪುರ, ಬಾಗಲಕೋಟೆ, ಜಮಖಂಡಿಯ ಸುತ್ತ, ರೇಸಿನ ಸೈಕಲ್ಲು ಮನೆಮಾತು. ನಾನೂ ಹರೆಯದಲ್ಲಿ ಅದನ್ನೇ ಉಸಿರಾಗಿಸಿಕೊಂಡವನು. ಆ ಅಭಿಮಾನವಿಟ್ಟುಕೊಂಡೇ ಹೇಳುತ್ತೇನೆ: ಮೇಷ್ಟ್ರಿಗೆ ರೇಸಿನ ಸೈಕಲ್ಲು ಬೇಡ. ನಮ್ಮ ಬಯಲುಸೀಮೆಯ ನೇರ ರಸ್ತೆಗೂ ಆಗುಂಬೆಯ ಹದಿನಾಲ್ಕು ತಿರುವುಗಳಿಗೂ ಅಜಗಜಾಂತರವಿದೆ. ಒಮ್ಮೆ ಗೆಳೆಯರ ಮಾತು ಕೇಳಿ, ಮುಂದೆ 39 ಹಲ್ಲು, ಹಿಂದೆ 25 ಹಲ್ಲಿನ ಗೇರಿನಲ್ಲಿ ಆ ಘಾಟಿ ಹತ್ತಲು ಹೋದೆ. ಆಗ ನನಗೆ 26 ವರ್ಷ, ಬೆನ್ನ ಮೇಲೆ ಸಾಮಾನೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಸನ್‌ಸೆಟ್ ಪಾಯಿಂಟಿನ ಕಟ್ಟೆಯ ಮೇಲೆ ಕುಳಿತದ್ದು ಇನ್ನೂ ನೆನಪಿದೆ. ಅಂದು ಸೂರ್ಯಾಸ್ತ ನೋಡಲಿಕ್ಕೆ ಕುಳಿತವನು ಖಂಡಿತ ನಾನಲ್ಲ.

ಚಕ್ರಪಾಣಿ (ಭದ್ರಾವತಿ):

ಮೇಷ್ಟ್ರೇ, ನಾನು ಮೂವತ್ತು ವರ್ಷಗಳಿಂದ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿರುವವನು. ರೋಡ್ ಬೈಕ್, ಹೈಬ್ರಿಡ್, ಎಂಟಿಬಿ ಎಂಬ ಹೆಸರುಗಳನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅವು ಮಾರುವವರ ಅನುಕೂಲಕ್ಕೆ ಹುಟ್ಟಿದ ಹೆಸರುಗಳು. ನಿಮ್ಮ ಸುತ್ತಿನಲ್ಲಿ ಅತ್ಯಂತ ಕಷ್ಟದ ಹತ್ತು ಕಿ.ಮೀ. ಯಾವುದು, ಮತ್ತು ದಾರಿಯಲ್ಲಿ ಸಿಗುವ ಅತ್ಯಂತ ಸಣ್ಣ ಸೈಕಲ್ ಅಂಗಡಿಯಲ್ಲಿ ಏನು ದೊರೆಯುತ್ತದೆ ಎಂಬ ಎರಡು ಸಂಗತಿಗಳನ್ನು ಯೋಚಿಸಿ, ಆಮೇಲೆ ಸೈಕಲ್ ನೋಡಲು ಹೊರಡಿ. ಉಳಿದ 430 ಕಿ.ಮೀ.ಯನ್ನು ಯಾವ ಸೈಕಲ್ಲಾದರೂ ದಾಟಿಸುತ್ತದೆ.

ನೋಡಬೇಕಾದವುಗಳಲ್ಲಿ ಮೊದಲನೆಯದು ಅತಿ ಹಗುರವಾದ ಗೇರ್. ಎಷ್ಟು ಗೇರ್ ಇವೆ ಎಂದು ಕೇಳಬೇಡಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ ಎಷ್ಟು ಹಲ್ಲು ಎಂದು ಎಣಿಸಿ. ಹಿಂದಿನದು ಮುಂದಿನದಕ್ಕಿಂತ ದೊಡ್ಡದಿದ್ದರೆ ಸಾಮಾನು ಹೊತ್ತು ಘಾಟಿ ಹತ್ತಬಹುದು. ಎರಡನೆಯದು, ಕ್ಯಾರಿಯರ್ ಕೂರಿಸಲು ಹಿಂದಿನ ಅಚ್ಚಿನ ಬಳಿ ಮತ್ತು ಸೀಟಿನ ಕೆಳಗೆ ಫ್ರೇಮಿನಲ್ಲೇ ಸ್ಕ್ರೂ ತೂತುಗಳಿವೆಯೇ ಎಂಬುದು. ಅವಿಲ್ಲದ ಫ್ರೇಮಿಗೆ ಕ್ಲಾಂಪ್ ಹಾಕಿ ಕ್ಯಾರಿಯರ್ ಕಟ್ಟಿದರೆ ನೂರು ಕಿ.ಮೀ. ಒಳಗೆ ಅದು ಸಡಿಲಾಗಿ ಚಕ್ರಕ್ಕೆ ತಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಅದರ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಎಲ್ಲಿ ಕುಳಿತಿದೆ ನೋಡಿ. ಕೆಲವು ಫ್ರೇಮುಗಳಲ್ಲಿ ಅದು ಹೊರಕ್ಕೆ ಚಾಚಿಕೊಂಡು ಕ್ಯಾರಿಯರಿನ ಕಾಲನ್ನೇ ತಡೆಯುತ್ತದೆ, ಆಗ ಉದ್ದದ ಸ್ಕ್ರೂ ಮತ್ತು ನಡುವೆ ಬುಷ್ ಬೇಕಾಗುತ್ತದೆ. ಮೂರನೆಯದಾಗಿ, ಫ್ರೇಮಿನಲ್ಲೂ ಫೋರ್ಕಿನಲ್ಲೂ (ಮುಂದಿನ ಚಕ್ರ ಹಿಡಿಯುವ ಕವಲಿನಲ್ಲಿ) 38 ಮಿ.ಮೀ. ಟೈರು, ಅದರ ಮೇಲೆ ಮಡ್‌ಗಾರ್ಡು ಹಿಡಿಯುವಷ್ಟು ಜಾಗವಿರಬೇಕು.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ದಾರಿಯಲ್ಲಿ ಅಳಿಸುವುದು ಅದೇ: ಹಿಂದಿನ ಚಕ್ರ. ಕಡ್ಡಿಗಳು 32ಕ್ಕಿಂತ ಕಡಿಮೆ ಇರಬಾರದು, 36 ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗುಚ್ಛವನ್ನು ಫ್ರೀವೀಲ್ ರೂಪದಲ್ಲಿ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಮೇಲೆ ತಿರುಗಿಸಿ ಕೂರಿಸಿರುತ್ತಾರೆ. ಅಂಥ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ತೀರ ಒಳಗೆ ಇರುವುದರಿಂದ, ಆಧಾರವಿಲ್ಲದ ಅಚ್ಚು ಭಾರಕ್ಕೆ ಬಾಗುತ್ತದೆ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ಅದೇ ಗುಚ್ಛವನ್ನು ಕ್ಯಾಸೆಟ್ ಎಂಬ ಬೇರೆ ರೂಪದಲ್ಲಿ ಕೂರಿಸಿರುವ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಹತ್ತಿರ ಇರುತ್ತದೆ. 78 ಕೆ.ಜಿ. ಸವಾರ, ಒಂಬತ್ತು ಕೆ.ಜಿ. ಸಾಮಾನು ಎಂದ ಮೇಲೆ ಕ್ಯಾಸೆಟ್ ಹಬ್ಬೇ ಬೇಕು. ಅಂಗಡಿಯವರು ತೋರಿಸಿದ 16 ಸಾವಿರದ ಸೈಕಲ್ಲಿನಲ್ಲಿ ಯಾವುದಿದೆ ಎಂದು ಒಮ್ಮೆ ನೋಡಿ ತಿಳಿಸಿ.

ಫ್ರೇಮು ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಎಂಬುದಕ್ಕೆ ನಾನು ಅಷ್ಟು ಮಹತ್ವ ಕೊಡುವುದಿಲ್ಲ. ಉಕ್ಕು ಮುರಿದರೆ ಗ್ರಿಲ್ ಕೆಲಸದವನೂ ವೆಲ್ಡ್ ಮಾಡಿಕೊಡಬಲ್ಲ, ಅಲ್ಯೂಮಿನಿಯಮ್ಮಿಗೆ ಆ ಸೌಕರ್ಯವಿಲ್ಲ ಎಂಬುದು ನಿಜ. ಐದು ದಿನದ ಸವಾರಿಗೆ ಆ ವ್ಯತ್ಯಾಸ ಅಪ್ರಸ್ತುತ. ಕಬ್ಬಿಣದ ಕಾರ್ಖಾನೆಯ ಊರಿನವನು ನಾನೇ ಹೀಗೆ ಹೇಳುತ್ತಿದ್ದೇನೆಂದರೆ ನಂಬಬಹುದು.

ಮಲೆನಾಡ ಮೇಷ್ಟ್ರು:

ಚಕ್ರಪಾಣಿಯವರೇ, ನಿನ್ನೆ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಹಲ್ಲು ಎಣಿಸಿಕೊಂಡು ಬಂದೆ. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ಎಂಟಿಬಿಯಲ್ಲಿ ಮುಂದೆ ಅತಿ ಚಿಕ್ಕದು 24, ಹಿಂದೆ ಅತಿ ದೊಡ್ಡದು 28, ಹಬ್ಬು ನೀವು ಹೇಳಿದ ಫ್ರೀವೀಲ್ ಜಾತಿಯದು. ಹಾಗೆಯೇ ಒಂದು ಹೈಬ್ರಿಡ್ ನೋಡಿದೆ: 28 ಮತ್ತು 34. ರೋಡ್ ಬೈಕಿನಲ್ಲಿ 34 ಮತ್ತು 28. ಮನೆಯ ಅಟ್ಲಾಸಿನಲ್ಲಿ 44 ಮತ್ತು 18.

ವೃತ್ತಿದೋಷವೆಂದು ಕ್ಷಮಿಸಿ, ರಾತ್ರಿ ಕುಳಿತು ಲೆಕ್ಕ ಹಾಕಿದೆ. ಚಕ್ರದ ಸುತ್ತಳತೆಯನ್ನು ಹಲ್ಲುಗಳ ಅನುಪಾತದಿಂದ ಗುಣಿಸಿದರೆ, ಪೆಡಲು ಒಂದು ಪೂರ್ತಿ ಸುತ್ತು ಬಂದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದು ಸಿಗುತ್ತದೆ. ಅತಿ ಹಗುರವಾದ ಗೇರಿನಲ್ಲಿ ಅಟ್ಲಾಸ್ ಸುಮಾರು 5.5 ಮೀಟರ್, ರೋಡ್ ಬೈಕ್ 2.56 ಮೀಟರ್, ಹೈಬ್ರಿಡ್ 1.79 ಮೀಟರ್, ಎಂಟಿಬಿ 1.77 ಮೀಟರ್ ಮುಂದೆ ಹೋಗುತ್ತವೆ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರಿಕೆ, ಎಂಟು ಕಿ.ಮೀ. ದಾರಿ ಎಂದು ಇಟ್ಟುಕೊಂಡು, ನನ್ನಂಥವನು ಗಂಟೆಗೆ ಏಳು ಕಿ.ಮೀ. ವೇಗದಲ್ಲಿ ಹತ್ತುತ್ತಾನೆ ಎಂದುಕೊಂಡರೆ, ಅಟ್ಲಾಸಿನ ಪೆಡಲು ನಿಮಿಷಕ್ಕೆ ಕೇವಲ 21 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಸುತ್ತಿಗೂ ಇಡೀ ದೇಹದ ಭಾರ ಹಾಕಿ ನಿಂತು ತುಳಿಯಬೇಕು. ರೋಡ್ ಬೈಕಿನಲ್ಲಿ 46 ಸುತ್ತು. ಹೈಬ್ರಿಡ್ ಮತ್ತು ಎಂಟಿಬಿಗಳಲ್ಲಿ 65ರ ಆಸುಪಾಸು. ಕುಳಿತುಕೊಂಡೇ, ಉಸಿರು ಕಟ್ಟದೆ ತುಳಿಯಬಹುದಾದ ಗತಿ ಅದು.

ನನಗೆ ಆಶ್ಚರ್ಯ ತಂದದ್ದು, ಎಲ್ಲರೂ ಬೈಯುತ್ತಿರುವ 16 ಸಾವಿರದ ಎಂಟಿಬಿ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರುವುದು. ಹಾಗಿದ್ದರೆ ಅದನ್ನೇ ಕೊಂಡು ಟೈರು ಮಾತ್ರ ಬದಲಿಸಿದರೆ ಆಗದೇ?

ಚಕ್ರಪಾಣಿ:

ಆಗುತ್ತದೆ, ಆದರೆ ಟೈರು ಮಾತ್ರ ಸಾಲದು. ಅದರ ಸ್ಪ್ರಿಂಗ್ ಫೋರ್ಕೇ ಎರಡು ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಮತ್ತು ಏರಿನಲ್ಲಿ ನೀವು ಎದ್ದು ತುಳಿದಾಗಲೆಲ್ಲ ಅದು ಕುಪ್ಪಳಿಸಿ ನಿಮ್ಮ ಶ್ರಮವನ್ನು ತಿನ್ನುತ್ತದೆ. ಹಿಂದಿನ ಹಬ್ಬನ್ನು ಬದಲಿಸಬೇಕು, ಅಂದರೆ ಹೊಸ ಚಕ್ರ ಕಟ್ಟಬೇಕು. ಇವನ್ನೆಲ್ಲ ಮಾಡಿದರೆ ಒಳ್ಳೆಯ ಸೈಕಲ್ ಆಗುತ್ತದೆ. ಆದರೆ ಖರ್ಚು ಹೈಬ್ರಿಡ್ಡಿನ ಬೆಲೆಯನ್ನು ಮುಟ್ಟುತ್ತದೆ. ಮನೆಯಲ್ಲಿ ಮಗನದ್ದೋ ಅಳಿಯನದ್ದೋ ಗಟ್ಟಿ ಫೋರ್ಕಿನ ಹಳೆಯ ಎಂಟಿಬಿ ಬಿದ್ದಿದ್ದರೆ ಮಾತು ಬೇರೆ. ಅದಕ್ಕೆ ನಯವಾದ ಟೈರು ಹಾಕಿ ದೇಶ ಸುತ್ತಿದವರನ್ನು ನಾನು ಕಂಡಿದ್ದೇನೆ.

ಬ್ರೆವೆ ಸವಾರ:

ಮೇಷ್ಟ್ರ ಲೆಕ್ಕ ಸರಿಯಾಗಿದೆ, ಒಪ್ಪಿದೆ. ಆದರೆ ತೂಕವನ್ನು ಎಲ್ಲರೂ ಕಡೆಗಣಿಸುತ್ತಿದ್ದೀರಿ. ಹತ್ತು ಕೆ.ಜಿ.ಯ ರೋಡ್ ಬೈಕಿಗೂ ಹದಿನಾಲ್ಕು ಕೆ.ಜಿ.ಯ ಹೈಬ್ರಿಡ್ಡಿಗೂ ಏರಿನಲ್ಲಿ ವ್ಯತ್ಯಾಸವೇ ಇಲ್ಲವೇ? ರೋಡ್ ಬೈಕಿಗೂ ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿಸಬಹುದಲ್ಲ?

ಮಲೆನಾಡ ಮೇಷ್ಟ್ರು:

ಸವಾರರೇ, ನಿಮ್ಮ ಎರಡನೆಯ ಮಾತಿಗೆ ಉತ್ತರಿಸುವಷ್ಟು ತಿಳಿವಳಿಕೆ ನನಗಿಲ್ಲ, ಮೊದಲನೆಯದಕ್ಕೆ ಇದೆ. ನಾನು 78, ಸಾಮಾನು 9, ಸೈಕಲ್ 14, ಒಟ್ಟು 101 ಕೆ.ಜಿ. ಇಷ್ಟನ್ನು 500 ಮೀಟರ್ ಮೇಲೆತ್ತಲು ಸುಮಾರು 495 ಕಿಲೋಜೂಲ್ ಬೇಕು. ನಾನು ಸತತವಾಗಿ 120 ವ್ಯಾಟ್ ಶಕ್ತಿಯನ್ನು ಏರಿಕೆಗೆಂದೇ ಕೊಡಬಲ್ಲೆನಾದರೆ 69 ನಿಮಿಷವಾಗುತ್ತದೆ. ಸೈಕಲ್ ನಾಲ್ಕು ಕೆ.ಜಿ. ಹಗುರವಾದರೆ ಹೆಚ್ಚುಕಡಿಮೆ ಮೂರು ನಿಮಿಷ ಉಳಿಯುತ್ತದೆ. ಆ ಮೂರು ನಿಮಿಷಕ್ಕಾಗಿ ಕ್ಯಾರಿಯರ್ ಬಿಟ್ಟು, ಬೆನ್ನಿಗೆ ಚೀಲ ಕಟ್ಟಿಕೊಂಡು ಐದು ದಿನ ಬೆವರುವುದು ನನಗೆ ಲಾಭದ ವ್ಯಾಪಾರವೆಂದು ಕಾಣುವುದಿಲ್ಲ. ಊರಿಗೆ ಹೊರಡುವ ಮುನ್ನ ನಾನೇ ಎರಡು ಕೆ.ಜಿ. ಇಳಿಯಬಹುದೆಂದು ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಾಳೆ.

ಬ್ರೆವೆ ಸವಾರ:

ಅಕ್ಕನವರ ಸಲಹೆಯೇ ಎಲ್ಲಕ್ಕಿಂತ ಅಗ್ಗದ್ದು. ನಾನು ನನ್ನ ವಾದವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಗಡಿಯಾರದ ಜೊತೆ ಓಡುವವನಿಗೆ ಬೇಕಾದ ಸೈಕಲ್ಲನ್ನು ನಿಮ್ಮ ತಲೆಗೆ ಕಟ್ಟಲು ಹೊರಟಿದ್ದೆ.

ಕುಂದಾಪ್ರದವ:

ರಸ್ತೆಯ ವಿಷಯವನ್ನು ಊರಿನವರು ಹೇಳಬೇಕಾದ್ದರಿಂದ ನಾನು ಬರೆಯುತ್ತಿದ್ದೇನೆ. ಹೊನ್ನಾವರದಿಂದ ಉಡುಪಿಯವರೆಗಿನ ರಾಷ್ಟ್ರೀಯ ಹೆದ್ದಾರಿ 66 ಹೆಚ್ಚಿನ ಕಡೆ ಚತುಷ್ಪಥವಾಗಿದೆ. ಸೈಕಲ್ಲಿಗೆ ಎಡಬದಿಯಲ್ಲಿ ಜಾಗ ಸಿಗುತ್ತದೆ, ಆದರೆ ಆ ಅಂಚಿನಲ್ಲೇ ಮರಳು, ಗಾಜಿನ ಚೂರು, ಲಾರಿ ಟೈರುಗಳಿಂದ ಉದುರಿದ ಸಣ್ಣ ಸಣ್ಣ ತಂತಿಗಳು ಬಂದು ಸೇರುತ್ತವೆ. ಆ ತಂತಿ ಕಣ್ಣಿಗೆ ಕಾಣುವುದಿಲ್ಲ, ಸಣ್ಣ ಟೈರನ್ನು ಸೂಜಿಯಂತೆ ಹೊಕ್ಕುತ್ತದೆ. ಸೇತುವೆಗಳ ಜಾಯಿಂಟುಗಳಲ್ಲಿ ಬಿರುಕು ಎಷ್ಟು ಅಗಲವಿರುತ್ತದೆಂದರೆ 25 ಮಿ.ಮೀ. ಟೈರಿನವರು ಇಳಿದು ದಾಟುವುದನ್ನು ನೋಡಿದ್ದೇನೆ. ಇನ್ನು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದಲೇ ಸ್ಕೂಟರುಗಳು ಬರುತ್ತವೆ. ಅದಕ್ಕೆ ಒಳ್ಳೆಯ ಬ್ರೇಕ್ ಮತ್ತು ಗಂಟೆ ಎರಡೂ ಬೇಕು.

ಇನ್ನೊಂದು ಸಂಗತಿಯನ್ನು ಘಟ್ಟದ ಮೇಲಿನವರು ಊಹಿಸಲಾರರು. ಬೆಳಗಿನ ಜಾವ ಮೀನಿನ ಲಾರಿಗಳು ಹೋದ ದಾರಿಯಲ್ಲಿ ಅವುಗಳಿಂದ ಸೋರಿದ ನೀರು ಪಟ್ಟೆಯಾಗಿ ಬಿದ್ದಿರುತ್ತದೆ. ಅದು ಬರಿಯ ನೀರಲ್ಲ, ಎಣ್ಣೆಯಂತೆ ಜಾರುತ್ತದೆ, ವಿಶೇಷವಾಗಿ ತಿರುವಿನಲ್ಲಿ. ಸಣ್ಣ, ಗಟ್ಟಿ ಗಾಳಿಯ ಟೈರಿಗಿಂತ 35–38 ಮಿ.ಮೀ. ಟೈರಿಗೆ ಅಲ್ಲಿ ಹಿಡಿತ ಹೆಚ್ಚು. ಚೈನಿಗೆ ದಿನವೂ ಸಂಜೆ ಎಣ್ಣೆ ಹಾಕಬೇಕು. ಉಪ್ಪುಗಾಳಿಗೆ ಒಂದು ರಾತ್ರಿಯಲ್ಲಿ ಕೆಂಪು ಬಣ್ಣ ಏರುತ್ತದೆ.

ನೀವು ಉತ್ತರದಿಂದ ದಕ್ಷಿಣಕ್ಕೆ ಬರುತ್ತಿರುವುದು ಒಳ್ಳೆಯ ತೀರ್ಮಾನ. ಮಧ್ಯಾಹ್ನದ ಕಡಲಗಾಳಿ ಆ ಹೊತ್ತಿನಲ್ಲಿ ನಿಮ್ಮ ಬಲಗಡೆಯಿಂದ, ತುಸು ಹಿಂದಿನಿಂದ ಬೀಸುತ್ತದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಅಲ್ಲಿ ನಿಲ್ಲದೆ ಹೋದರೆ ನಾವು ಬೇಸರಪಟ್ಟುಕೊಳ್ಳುತ್ತೇವೆ. ಡಿಸೆಂಬರ್ ಕೊನೆಯ ವಾರ ಶಾಲಾ ಪ್ರವಾಸದ ಬಸ್ಸುಗಳು ಮುರುಡೇಶ್ವರವನ್ನು ತುಂಬಿರುತ್ತವೆ, ಕೋಣೆಯನ್ನು ಮುಂಚೆಯೇ ಕಾದಿರಿಸಿ. ಮೇಷ್ಟ್ರಿಗೆ ಇದನ್ನು ಹೇಳಬೇಕಾಗಿಲ್ಲ ಎನಿಸುತ್ತದೆ.

ತುಂಗಾತೀರ (ತೀರ್ಥಹಳ್ಳಿ):

ಸಾಗರದಿಂದ ಸಿಗಂದೂರಿನ ಮೇಲೆ ಕೊಲ್ಲೂರಿಗೆ ಇಳಿಯುವ ದಾರಿಯನ್ನೂ ಯೋಚಿಸಬಹುದು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿಗಾಗಿ ಕಾಯುವ ಪ್ರಮೇಯವಿಲ್ಲ. ಆದರೆ ಆ ಕಡೆ ಕಾಡುದಾರಿ ಹೆಚ್ಚು, ಸೈಕಲ್ ಅಂಗಡಿ ಅಪರೂಪ. ಮೊದಲ ಸಲಕ್ಕೆ ಜೋಗದ ದಾರಿಯೇ ಸರಿ. ಆಗುಂಬೆ ಘಾಟಿಯಲ್ಲಿ ದೊಡ್ಡ ಲಾರಿಗಳನ್ನು ಬಿಡದಿರುವುದು ಸೈಕಲ್ಲಿನವರಿಗೆ ವರ. ತಿರುವಿನ ಒಳಬದಿ ಗೋಡೆಯಂತೆ ಕಡಿದಾಗಿರುತ್ತದೆ. ವಾಹನವಿಲ್ಲದಾಗ ಹೊರಬದಿಯಲ್ಲಿ ತುಳಿಯಿರಿ, ಮೇಲಿನಿಂದ ಬರುವವರ ಸದ್ದು ಕೇಳಿದ ಕೂಡಲೇ ಎಡಕ್ಕೆ ಬನ್ನಿ.

ಸೈಕಲ್ ಅಕ್ಕ (ಹುಬ್ಬಳ್ಳಿ):

ಗಂಡಸರೆಲ್ಲ ಹಲ್ಲು ಎಣಿಸುವುದರಲ್ಲಿ ಮುಳುಗಿದ್ದೀರಿ. ಸೈಕಲ್ ಮೇಷ್ಟ್ರ ಮೈಗೆ ಹೊಂದುತ್ತದೆಯೇ ಎಂದು ಒಬ್ಬರೂ ಕೇಳಿಲ್ಲ. ನಾನು ಐದು ಅಡಿ ಒಂದು ಅಂಗುಲದವಳು. ಮೊದಲ ಸೈಕಲ್ ಕೊಂಡಾಗ ಅಂಗಡಿಯವರು ತಮ್ಮಲ್ಲಿ ಉಳಿದಿದ್ದ ದೊಡ್ಡ ಫ್ರೇಮನ್ನೇ "ಸೀಟು ಇಳಿಸಿದರಾಯಿತು" ಎಂದು ಕೊಟ್ಟುಬಿಟ್ಟರು. ಸೀಟು ಇಳಿಯಿತು, ಆದರೆ ಹ್ಯಾಂಡಲ್ ಹತ್ತಿರ ಬರಲಿಲ್ಲ. ದಾಂಡೇಲಿಗೆ ಹೋಗಿಬಂದ ಮೇಲೆ ಎರಡು ವಾರ ಕುತ್ತಿಗೆ ತಿರುಗಿಸಲಾಗಲಿಲ್ಲ, ಕಿರುಬೆರಳುಗಳು ಜೋಮು ಹಿಡಿದಿದ್ದವು. ಫ್ರೇಮಿನ ಉದ್ದ ತಪ್ಪಿದರೆ ಆಮೇಲೆ ಸರಿಪಡಿಸುವುದು ಕಷ್ಟ. ಗೇರು, ಟೈರು, ಸೀಟುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಅಣ್ಣಾ, ಕೊಳ್ಳುವ ಮುನ್ನ ಹೀಗೆ ಮಾಡಿ. ಫ್ರೇಮಿನ ಮೇಲಿನ ಕೊಳವೆಯ ಎರಡು ಕಡೆ ಕಾಲಿಟ್ಟು ನಿಂತಾಗ ನಡುವೆ ಎರಡು ಬೆರಳಾದರೂ ಸಂದು ಇರಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲು ಅತಿ ಕೆಳಗೆ ಬಂದಾಗ ಕಾಲು ಪೂರ್ತಿ ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸೆಟೆದಿರಬಾರದು. ಕ್ಯಾರಿಯರಿಗೆ ಪಕ್ಕದ ಚೀಲ ಕಟ್ಟಿ ಪೆಡಲು ತಿರುಗಿಸಿ ನೋಡಿ. ಹಿಂದಿನ ಚಕ್ರ ತೀರ ಹತ್ತಿರವಿರುವ ಫ್ರೇಮುಗಳಲ್ಲಿ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಬಡಿಯುತ್ತದೆ. ರೇಸಿನ ಸೈಕಲ್ಲಿನ ಇನ್ನೊಂದು ತೊಂದರೆ ಅದೇ.

ಸೀಟಿನ ಬಗ್ಗೆ ಒಂದು ಮಾತು. ಮೆತ್ತಗಿನ ಅಗಲ ಸೀಟು ಅಂಗಡಿಯ ಎದುರಿನ ಹತ್ತು ನಿಮಿಷದ ಸವಾರಿಗೆ ಸುಖ, ನಾಲ್ಕನೆಯ ಗಂಟೆಗೆ ಶಿಕ್ಷೆ. ಸ್ಪಂಜು ಅದುಮಿ ಹೋದ ಮೇಲೆ ಅದು ಒತ್ತಬಾರದ ಕಡೆಯೆಲ್ಲ ಒತ್ತುತ್ತದೆ. ನಿಮ್ಮ ಅಟ್ಲಾಸಿನ ಚರ್ಮದ ಸೀಟು ಮೈಗೆ ಒಗ್ಗಿದ್ದರೆ ಅದನ್ನೇ ಹೊಸ ಸೈಕಲ್ಲಿಗೆ ಹಾಕಿಸಲು ನಾಚಿಕೆಪಡಬೇಡಿ.

ಡಚ್ಚರೂರಿನ ಕನ್ನಡಿಗ:

ಇಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ದೂರ ಪ್ರವಾಸದ ಸೈಕಲ್ ಎಂದರೆ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಮುಂದಿನ ಹಬ್ಬಿನಲ್ಲೇ ಡೈನಮೋ ಎಲ್ಲ ಸೇರಿಯೇ ಬರುತ್ತವೆ. ಅಂಥದ್ದು ಭಾರತದಲ್ಲಿ ಸಿಕ್ಕರೆ ಬಿಡಬೇಡಿ. ಹಬ್ಬಿನೊಳಗೇ ಗೇರ್ ಇರುವ ಸೈಕಲ್ ಇನ್ನೂ ನಿಶ್ಚಿಂತೆ, ಹೊರಗಿನ ಧೂಳು ತಾಗುವುದಿಲ್ಲ.

ಚಕ್ರಪಾಣಿ:

ಸ್ವಾಮಿ, ನಿಮ್ಮ ಹಬ್ಬು ಬೈಂದೂರಿನಲ್ಲಿ ಕೈಕೊಟ್ಟರೆ ಬಿಚ್ಚುವವರು ಯಾರು? ಸಣ್ಣ ಅಂಗಡಿಯ ಮಾತು ನಾನು ಆಗ ಎತ್ತಿದ್ದು ಇದಕ್ಕೇ. ಮೇಷ್ಟ್ರೇ, ಟ್ಯೂಬಿನ ವಿಚಾರವನ್ನು ಗಮನವಿಟ್ಟು ಓದಿ. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಖಚಿತವಾಗಿ ಸಿಗುವುದು ಅಟ್ಲಾಸ್ ಮಾದರಿಯ 28 ಅಂಗುಲದ್ದು. ಅದರ ರಿಮ್ಮಿನ ಅಳತೆ 635 ಮಿ.ಮೀ. ಹೈಬ್ರಿಡ್ ಮತ್ತು ರೋಡ್ ಬೈಕುಗಳ 700 ಎಂಬ ಅಳತೆಯ ರಿಮ್ಮು 622. ಟೈರು ಅದಲುಬದಲಾಗುವುದಿಲ್ಲ, ಆದರೆ ತೀರ ಗತಿಯಿಲ್ಲದಾಗ ಟ್ಯೂಬನ್ನು ಮಡಿಕೆಯಾಗದಂತೆ ಒಳಗೆ ಕೂರಿಸಿ ಊರು ಸೇರಬಹುದು. 26ರ ವಿಷಯದಲ್ಲಿ ಇನ್ನೂ ದೊಡ್ಡ ಮೋಸವಿದೆ. ಎಂಟಿಬಿಯ 26 ಅಂದರೆ 559 ಮಿ.ಮೀ., ಹೆಣ್ಣುಮಕ್ಕಳ ಸೈಕಲ್ಲಿನ 26 ಇಂಟು 1 3/8 ಅಂದರೆ 590 ಮಿ.ಮೀ. ಹೆಸರು ಒಂದೇ, ಟೈರು ಕೂರುವುದೇ ಇಲ್ಲ. ಆದ್ದರಿಂದ ಟೈರಿನ ಪಕ್ಕದಲ್ಲಿ ಚಿಕ್ಕದಾಗಿ ಬರೆದಿರುವ ಮೂರಂಕಿಯ ಸಂಖ್ಯೆಯನ್ನೇ ಬರೆದಿಟ್ಟುಕೊಳ್ಳಿ, ಅಂಗಡಿಯವನ ಬಾಯಿಮಾತನ್ನು ನಂಬಬೇಡಿ.

ವಾಲ್ವು ಕಾರು–ಬೈಕುಗಳಲ್ಲಿರುವಂಥ ದಪ್ಪದ್ದಾಗಿದ್ದರೆ ಒಳ್ಳೆಯದು, ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು. ಸಣ್ಣ ಪ್ರೆಸ್ಟಾ ವಾಲ್ವು ಇದ್ದರೆ ಅದಕ್ಕೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಎರಡನ್ನು ಜೇಬಿನಲ್ಲಿಡಿ, ಏಕೆಂದರೆ ಒಂದು ಖಂಡಿತ ಕಳೆಯುತ್ತದೆ. ಬ್ರೇಕು ವಯರಿನಿಂದ ಎಳೆಯುವ ಡಿಸ್ಕ್ ಆಗಿರಲಿ, ಅಥವಾ ರಿಮ್ ಹಿಡಿಯುವ ವಿ-ಬ್ರೇಕ್ ಆಗಿರಲಿ. ಎಣ್ಣೆಯ ಡಿಸ್ಕ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಸೋರಿದರೆ ದಾರಿಯಲ್ಲಿ ಯಾರ ಕೈಯಲ್ಲೂ ಆಗುವುದಿಲ್ಲ. ವಯರಾದರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಗೇರುಸೊಪ್ಪೆಯ ಘಾಟಿ ಇಳಿಯುವಾಗ ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ಬಿಗಿಯಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ.

ಮಲೆನಾಡ ಮೇಷ್ಟ್ರು:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಸೈಕಲ್ಲುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ ಹೊಸದನ್ನೇ ಕೊಳ್ಳೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ದಾವಣಗೆರೆಯಲ್ಲಿ ಒಬ್ಬರು ಮೂರು ವರ್ಷದ ಹಳೆಯ ಹೈಬ್ರಿಡ್ಡನ್ನು 19 ಸಾವಿರಕ್ಕೆ ಕೊಡುವುದಾಗಿ ಹೇಳಿದರು. ಗಟ್ಟಿ ಫೋರ್ಕು, 36 ಕಡ್ಡಿ, ವಿ-ಬ್ರೇಕು, ಕ್ಯಾರಿಯರಿಗೆ ತೂತುಗಳಿವೆ, ಮುಂದೆ 48, 38, 28, ಹಿಂದೆ ಎಂಟು ಹಲ್ಲುಚಕ್ರಗಳ ಕ್ಯಾಸೆಟ್, ಅದರ ಅತಿ ದೊಡ್ಡದು 32. ಅಕ್ಕ ಹೇಳಿದಂತೆ ನಿಂತೂ ಕುಳಿತೂ ನೋಡಿದೆ, ಹೊಂದುತ್ತದೆ. ತೆಗೆದುಕೊಳ್ಳಲೇ?

ಚಕ್ರಪಾಣಿ:

ಮೊದಲು ಸೈಕಲ್ಲನ್ನು ತಲೆಕೆಳಗೆ ಮಾಡಿ ಚಕ್ರ ತಿರುಗಿಸಿ, ಬೆಂಡ್ ಇದೆಯೇ ನೋಡಿ. ಪೆಡಲಿನ ಕ್ರ್ಯಾಂಕನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ, 800 ರೂಪಾಯಿ ಇಳಿಸಿ ಕೇಳಿ. ರಿಮ್ಮಿನ ಬ್ರೇಕ್ ತಾಗುವ ಬದಿ ತೋಡಿನಂತೆ ಒಳಕ್ಕೆ ಸವೆದಿದ್ದರೆ ಬೇಡ. ಫ್ರೇಮಿನ ಬೆಸುಗೆಗಳ ಹತ್ತಿರ ಬಣ್ಣ ಗೆರೆಯಾಗಿ ಒಡೆದಿದ್ದರೂ ಬೇಡ. ಇವೆಲ್ಲ ಸರಿಯಿದ್ದರೆ ಕಣ್ಣುಮುಚ್ಚಿ ತೆಗೆದುಕೊಂಡು ನನ್ನ ಅಂಗಡಿಗೆ ತನ್ನಿ. ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲನ್ನು ತಡೆಯುವುದಾದರೆ 11–34ರ ಕ್ಯಾಸೆಟ್, ಅದರೊಂದಿಗೆ ಹೊಸ ಚೈನು ಹಾಕೋಣ. ಹಳೆಯ ಚೈನನ್ನು ಹೊಸ ಹಲ್ಲಿಗೆ ಹಾಕಬಾರದು. ಟೈರು 38 ಮಿ.ಮೀ., ಗಾಳಿ ಹಿಂದೆ 60, ಮುಂದೆ 50 ಪಿಎಸ್‌ಐ ಸಮೀಪ. ಅದೇ ಅಳತೆಯ ಮೂರು ಕಡ್ಡಿಗಳನ್ನು ಫ್ರೇಮಿಗೆ ಟೇಪಿನಿಂದ ಅಂಟಿಸಿ ಕೊಡುತ್ತೇನೆ. ಕ್ಯಾಸೆಟ್ ಬಿಚ್ಚುವ ಬುಷ್ ಒಂದನ್ನು ನೀವೇ ಕೊಂಡು ಇಟ್ಟುಕೊಳ್ಳಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು.

ಹಳೇ ರೇಸರ್:

ಆ ಬುಷ್ ಮರೆಯಬೇಡಿ.

ಮಲೆನಾಡ ಮೇಷ್ಟ್ರು:

ಜನವರಿ 2. ನಿನ್ನೆ ಸಂಜೆ ಮನೆ ತಲುಪಿದೆ. ಮೀಟರಿನಲ್ಲಿ 447 ಕಿ.ಮೀ. ತೋರಿಸುತ್ತಿದೆ. ಸೈಕಲ್ಲಿಗೆ ಸಂಬಂಧಿಸಿದಷ್ಟನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ಉಳಿದದ್ದನ್ನು ಬರೆಯಲು ಹೊರಟರೆ ಮರವಂತೆಯ ಹತ್ತಿರವೇ ನಿಂತುಬಿಡುತ್ತೇನೆ.

ಸಾಗರದವರೆಗೆ 48ರ ಹಲ್ಲುಚಕ್ರವನ್ನು ಬಳಸಿದ್ದು ಒಟ್ಟು ಹತ್ತು ನಿಮಿಷವೂ ಇರಲಾರದು. ಇಡೀ ಸುತ್ತಿನಲ್ಲಿ ಹೆಚ್ಚು ದುಡಿದದ್ದು ನಡುವಿನ 38. ಕರಾವಳಿಯಲ್ಲಿ ಒಮ್ಮೆ ಪಂಕ್ಚರ್ ಆಯಿತು, ಕುಂದಾಪ್ರದವರು ಹೇಳಿದ ತಂತಿಯೇ. ಬೆರಳಿನಿಂದ ಟೈರಿನ ಒಳಭಾಗವನ್ನು ಸವರಿ ಹುಡುಕಿದಾಗ ಸಿಕ್ಕಿತು. ಹುಡುಕದೆ ಟ್ಯೂಬು ಬದಲಿಸಿದ್ದರೆ ಮತ್ತೆ ಹೋಗುತ್ತಿತ್ತು. ಅಕ್ಕನ ಮಾತು ಕೇಳಿ ಅಟ್ಲಾಸಿನ ಚರ್ಮದ ಸೀಟನ್ನೇ ಹಾಕಿಸಿದ್ದೆ. ಅದರ ಬಗ್ಗೆ ಒಂದು ದೂರೂ ಇಲ್ಲ, ನೋಡಿದವರು ನಕ್ಕದ್ದನ್ನು ಬಿಟ್ಟರೆ.

ಉಡುಪಿ ಬಿಟ್ಟ ದಿನ, ಹೆಬ್ರಿಗೆ ಸ್ವಲ್ಪ ಮೊದಲು ಹಿಂದಿನ ಚಕ್ರದಲ್ಲಿ ಟಣ್ ಎಂದು ಸದ್ದಾಯಿತು. ಬಲಗಡೆಯ ಒಂದು ಕಡ್ಡಿ, ಸರಿಯಾಗಿ ಕ್ಯಾಸೆಟ್ಟಿನ ಹಿಂದೆಯೇ ಮುರಿದಿತ್ತು. ರಿಮ್ಮು ಬ್ರೇಕಿಗೆ ತಾಗತೊಡಗಿದ್ದರಿಂದ ಹಿಂದಿನ ಬ್ರೇಕನ್ನು ಬಿಚ್ಚಿ ನಿಧಾನವಾಗಿ ಊರು ಸೇರಿದೆ. ಅಲ್ಲಿನ ರಿಪೇರಿಯವರು ವಯಸ್ಸಾದವರು. ಗೇರ್ ಸೈಕಲ್ಲಿನ ಕ್ಯಾಸೆಟ್ಟನ್ನು ಎಂದೂ ಬಿಚ್ಚಿಲ್ಲ ಎಂದರು. ಬುಷ್ ನನ್ನ ಬಳಿಯಿತ್ತು, ಆದರೆ ಬಿಚ್ಚುವಾಗ ಹಲ್ಲುಚಕ್ರ ತಿರುಗದಂತೆ ಹಿಡಿಯುವ ಸಾಧನ ಬೇಕೆಂಬುದು ನನಗೆ ತಿಳಿದಿರಲಿಲ್ಲ. ಅವರು ಒಂದು ನಿಮಿಷ ಯೋಚಿಸಿ, ಮೂಲೆಯಲ್ಲಿದ್ದ ಹಳೆಯ ಚೈನಿನ ತುಂಡೊಂದನ್ನು ಕಬ್ಬಿಣದ ಪಟ್ಟಿಗೆ ಬೋಲ್ಟು ಹಾಕಿ ಕಟ್ಟಿ, ಅದನ್ನು ಹಲ್ಲಿಗೆ ಸುತ್ತಿ ಹಿಡಿದರು. ನಾನು ಸ್ಪ್ಯಾನರ್ ತಿರುಗಿಸಿದೆ. ಕಡ್ಡಿ ಕೂರಿಸಿ ಬೆಂಡ್ ತೆಗೆಯುವ ಹೊತ್ತಿಗೆ ಒಂದು ಗಂಟೆಯಾಯಿತು. 60 ರೂಪಾಯಿ ಕೇಳಿದರು.

ಘಾಟಿಯಲ್ಲಿ 28–34ರ ಗೇರಿನಲ್ಲಿ ಹತ್ತನೆಯ ತಿರುವಿನವರೆಗೆ ಕುಳಿತೇ ಹೋದೆ. ಆಮೇಲೆ ಎರಡು ತಿರುವುಗಳನ್ನು ಇಳಿದು ತಳ್ಳಿದೆ, ಕೊನೆಯ ಎರಡನ್ನು ಮತ್ತೆ ಏರಿ ಮುಗಿಸಿದೆ. ನಿಂತ ಸಮಯ ಸೇರಿ 94 ನಿಮಿಷ. ನನ್ನ 69 ನಿಮಿಷದ ಲೆಕ್ಕದಲ್ಲಿ ಮಂಗಗಳನ್ನೂ ನೀರು ಕುಡಿಯುವುದನ್ನೂ ಸೇರಿಸಿರಲಿಲ್ಲ.

ಬ್ರೆವೆ ಸವಾರ:

ನನ್ನ ರೋಡ್ ಬೈಕಿನ ಹಿಂದಿನ ಚಕ್ರದಲ್ಲಿ 24 ಕಡ್ಡಿಗಳಿವೆ. ಒಂದು ಮುರಿದರೆ ಸೈಕಲ್ ಹೆಗಲ ಮೇಲೆ. ಸುಮ್ಮನೆ ಹೇಳಿದೆ.

ಚಕ್ರಪಾಣಿ:

ಮೇಷ್ಟ್ರೇ, ಬಲಗಡೆ ಒಂದು ಕಡ್ಡಿ ಹೋಗಿದೆಯೆಂದರೆ ಅದರ ಅಕ್ಕಪಕ್ಕದವೂ ದಣಿದಿವೆ ಎಂದರ್ಥ. ಹಳೆಯ ಸೈಕಲ್ ಕೊಂಡಾಗಲೇ ಆ ಬದಿಯ ಹದಿನೆಂಟನ್ನೂ ಬದಲಿಸಿಬಿಡಬೇಕಿತ್ತು, ನಾನು ಬಿಗಿ ಮಾತ್ರ ನೋಡಿ ಕೊಟ್ಟೆ. ಆ ತಪ್ಪು ನನ್ನದು. ಭಾನುವಾರ ಬೆಳಿಗ್ಗೆ ಅಂಗಡಿ ತೆರೆದಿರುತ್ತೇನೆ. ಇಡೀ ಸೈಕಲ್ ತರಬೇಕಾಗಿಲ್ಲ, ಹಿಂದಿನ ಚಕ್ರವೊಂದನ್ನು ಬಸ್ಸಿನಲ್ಲಿ ಹಾಕಿಕೊಂಡು ಬನ್ನಿ. ಹಾಗೆಯೇ ಹೆಬ್ರಿಯ ಆ ಹಿರಿಯರು ಕಬ್ಬಿಣದ ಪಟ್ಟಿಗೆ ಚೈನನ್ನು ಎಷ್ಟು ಉದ್ದ ಬಿಟ್ಟು ಕಟ್ಟಿದ್ದರೆಂದು ನೆನಪಿದ್ದರೆ ಒಂದು ಚಿತ್ರ ಬರೆದು ತನ್ನಿ.